ಹುಲಗವ್ವನ ಕುಪ್ಪಸ

ಶರೀಫಸಾಬನ ಅಂಗಡಿಯಲ್ಲಿ ಗಂಡಸರ ಅಳತೆ ಪುಸ್ತಕದಲ್ಲಿರುತ್ತಿತ್ತು, ಹೆಂಗಸರ ಅಳತೆ ಗೋಡೆಯ ಮೇಲಿರುತ್ತಿತ್ತು.

ಈಗಿನವರಿಗೆ ಹೇಳಿದರೆ ನಗುತ್ತಾರೆ. ಈಗ ಹುಬ್ಬಳ್ಳಿಯ ಸಾಲಿ ಕಲಿಸುವ ಅಕ್ಕೋರು ತಾವೇ ಅಂಗಡಿಗೆ ಬಂದು, ಟೇಪು ಎಷ್ಟು ಇಂಚು ತೋರಿಸಿತೆಂದು ತಾವೇ ಓದಿ ಹೇಳಿ ಹೋಗುತ್ತಾರೆ. ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಐದಾರು ವರ್ಷ ಮೊದಲು ಹಳೇ ಹುಬ್ಬಳ್ಳಿಯಲ್ಲಿ ಇದು ನಡೆಯುವ ಮಾತಾಗಿರಲಿಲ್ಲ. ಪುಸ್ತಕವೆಂದರೆ ಹೋಗಿ ಬರುವ ನಾಲ್ಕು ಜನ ತೆರೆದು ನೋಡುವ ವಸ್ತು. ಮರ್ಯಾದಸ್ಥರ ಮನೆಯ ಹೆಣ್ಣುಮಗಳ ಮೈಯಳತೆಯನ್ನು ಅದರಲ್ಲಿ ಬರೆದಿಡುವುದುಂಟೇ? ಅದಕ್ಕೇ ಹೆಂಗಸರು ಹಿತ್ತಲ ಬಾಗಿಲಿಂದ ಬರುತ್ತಿದ್ದರು. ಶರೀಫಸಾಬನ ತಾಯಿ ಮಾಶಾಬಿ ಅವರನ್ನು ಒಳಮನೆಯಲ್ಲಿ ನಿಲ್ಲಿಸಿಕೊಂಡು ದಾರದಿಂದ ಅಳೆಯುತ್ತಿದ್ದಳು. ದಾರದ ತುದಿಯಿಂದ ಮೊದಲನೆಯ ಗಂಟಿನವರೆಗೆ ಎದೆ, ಅಲ್ಲಿಂದ ಎರಡನೆಯ ಗಂಟಿಗೆ ತೋಳು, ಮೂರನೆಯದಕ್ಕೆ ಬೆನ್ನು. ಅಳೆದಾದ ಮೇಲೆ ಆ ದಾರವನ್ನು ಪರದೆಯ ಹಿಂದಿನ ಗೋಡೆಯ ಮೊಳೆಗೆ ತೂಗುಹಾಕುವುದು. ಯಾವ ದಾರಕ್ಕೂ ಹೆಸರಿಲ್ಲ. ಕೆಂಪು ಎರಡೆಳೆಯದು ಪಟ್ಟಣಶೆಟ್ಟರ ಮನೆಯ ದೊಡ್ಡ ಅಕ್ಕನವರದು, ನೀಲಿಯದು ಅವರ ನಾದಿನಿಯದು, ಒರಟು ಹುರಿಯದು ಸೊಪ್ಪು ಮಾರುವ ಮುದುಕಿಯದು ಎಂದು ಮಾಶಾಬಿ ಬೆರಳಿಂದ ಮುಟ್ಟಿಯೇ ಹೇಳುತ್ತಿದ್ದಳು. ಕಣ್ಣಿಗೆ ಪೊರೆ ಬರತೊಡಗಿದ ಮೇಲೆಯೂ ಒಂದು ದಾರ ತಪ್ಪಿದ್ದಿಲ್ಲ.

ಮಧ್ಯಾಹ್ನದ ಗಾಳಿಗೆ ಆ ಗೋಡೆಯ ತುಂಬ ಬಣ್ಣಬಣ್ಣದ ಎಳೆಗಳು ಅಲುಗುತ್ತಿದ್ದದ್ದು ಶರೀಫಸಾಬನಿಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಇಡೀ ಓಣಿಯ ಹೆಣ್ಣುಮಕ್ಕಳು ಅಲ್ಲಿ ಸುಮ್ಮನೆ ಕೈ ಬಿಟ್ಟುಕೊಂಡು ನಿಂತಿದ್ದಾರೇನೋ ಅನ್ನಿಸುತ್ತಿತ್ತು. ಆ ಗೋಡೆಯ ನೆನಪಾದರೆ ಹುಲಗವ್ವನ ನೆನಪಾಗದೆ ಇರುವುದಿಲ್ಲ.

ಹುಲಗವ್ವ ಮೊದಲು ಹುಲಗಪ್ಪನಾಗಿದ್ದಾಗಿನಿಂದಲೂ ಶರೀಫಸಾಬನಿಗೆ ಗೊತ್ತು. ತ್ರ್ಯಂಬಕ ಮಾಸ್ತರರ ಸಂಜೀ ಸಾಲಿಯಲ್ಲಿ ಇಬ್ಬರೂ ಒಂದೇ ಚಾಪೆಯ ಮೇಲೆ ಕೂರುತ್ತಿದ್ದರು. ಹಗಲೆಲ್ಲ ದುಡಿದು ಸಂಜೆ ಅಕ್ಷರ ಕಲಿಯುವವರ ಶಾಲೆ ಅದು. ಕೆಲವರಿಗೆ ಮೀಸೆ ಬಂದಿತ್ತು, ಕೆಲವರಿಗೆ ಮಕ್ಕಳೇ ಆಗಿದ್ದವು. ಹುಲಗಪ್ಪ ಹತ್ತಿ ಗಿರಣಿಯಿಂದ ನೇರವಾಗಿ ಬರುತ್ತಿದ್ದ. ಹುಬ್ಬಿನ ಮೇಲೆ, ಕಿವಿಯ ಹಿಂದೆ ಹತ್ತಿಯ ಧೂಳು. ಇಬ್ಬರಿಗೂ ಸೇರಿ ಒಂದೇ ಪಾಟಿ. ಶರೀಫಸಾಬ ಒಂದು ಅಕ್ಷರ ಬರೆದು ಮೂರು ಸಲ ಒರೆಸುವವನು. ಹುಲಗಪ್ಪ ಕಾದು ಕಾದು, "ಲೇ ಶರೀಫಾ, ಒರಿಸಿ ಒರಿಸಿ ಪಾಟೀನ ಸವದ ಹೋಗತೈತಿ, ಇತ್ತ ಕೊಡು," ಎಂದು ಕಸಿದುಕೊಂಡು, ಮುತ್ತು ಪೋಣಿಸಿದಂಥ ಅಕ್ಷರ ಬರೆದು ತೋರಿಸುತ್ತಿದ್ದ. ಅವನು ನಡೆಯುವ ರೀತಿಗೆ, ಮಾತಾಡುವಾಗ ಕೈ ತಿರುಗಿಸುವ ರೀತಿಗೆ ಹಿಂದಿನ ಸಾಲಿನವರು ಸಿಳ್ಳೆ ಹಾಕುವರು. ಮಾಸ್ತರರು ಗದರಿದರೆ ಸುಮ್ಮನಾಗುವರು, ಅವರು ಬೆನ್ನು ತಿರುಗಿಸಿದರೆ ಮತ್ತೆ ಅದೇ.

ಒಂದು ಸಂಜೆ ಹುಲಗಪ್ಪ ಬರಲಿಲ್ಲ. ಮರುದಿನವೂ ಇಲ್ಲ. ರಾಯಾಪುರದಲ್ಲಿ ಅವನ ತಂದೆ ಮೈಲಾರಪ್ಪ ಹಗ್ಗ ತೆಗೆದುಕೊಂಡು ಹೊಡೆದನಂತೆ, ಹುಡುಗ ಮನೆ ಬಿಟ್ಟನಂತೆ ಎಂದು ಸುದ್ದಿ ಬಂತು. ವರ್ಷ ಕಳೆದ ಮೇಲೆ ಬಂದವಳು ಹುಲಗವ್ವ. ಹುಲಿಗೆವ್ವನ ಗುಡಿಯಲ್ಲಿ ಕೊರಳಿಗೆ ಮುತ್ತು ಕಟ್ಟಿಸಿಕೊಂಡು, ಹಣೆತುಂಬ ಭಂಡಾರದ ಅರಿಶಿನ ಬಳಿದುಕೊಂಡು, ಸೀರೆಯುಟ್ಟು, ದೇವಿಯನ್ನು ಕೂರಿಸಿದ ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ಓಣಿಯಲ್ಲಿ ದೇವಿಯ ಭಿಕ್ಷೆ ಬೇಡುವ ಜೋಗಕ್ಕೆ ಬಂದಳು. ಆ ಬುಟ್ಟಿಗೆ ಜಗ ಎನ್ನುತ್ತಾರೆ. ಮಂಗಳವಾರ, ಶುಕ್ರವಾರ ಜೋಗವ್ವ ಜಗ ಹೊತ್ತು ಬಂದರೆ ಮನೆಯವರು ಮೊರದಲ್ಲಿ ಕಾಳು ತಂದು ಅದರೊಳಗೆ ಸುರಿಯುತ್ತಾರೆ.

ಅವತ್ತು ಎದುರಿನ ಚಹಾದ ಅಂಗಡಿಯ ದತ್ತು, ಅವನ ಗಿರಾಕಿಗಳು ಬಿದ್ದು ಬಿದ್ದು ನಕ್ಕರು. ಹುಲಗವ್ವ ಶರೀಫಸಾಬನ ಅಂಗಡಿಯ ಮುಂದೆ ಒಂದು ಗಳಿಗೆ ನಿಂತಳು. ಶರೀಫಸಾಬ ನಗಲಿಲ್ಲ. ತಲೆ ಎತ್ತಲೂ ಇಲ್ಲ. ಬಗ್ಗಿ ಭರ್ರನೆ ಮಷಿನ್ ತುಳಿದ. ಅವಳು ಮುಂದೆ ಹೋದ ಮೇಲೆ ನೋಡಿದರೆ ಸೂಜಿಯ ಕೆಳಗೆ ಬಟ್ಟೆಯೇ ಇರಲಿಲ್ಲ.

ಅದಾಗಿ ಆರು ವರ್ಷ. ಓಣಿಯೂ ಹುಲಗವ್ವನಿಗೆ ಒಗ್ಗಿಕೊಂಡಿತ್ತು, ತನ್ನದೇ ರೀತಿಯಲ್ಲಿ. ಶುಕ್ರವಾರ ಅವಳ ಕಾಲಿಗೆ ನೀರು ಹಾಕಿ ಕೂಸನ್ನು ತಂದು ಅವಳ ಮಡಿಲಿಗೆ ಹಾಕುವವರೇ, ಶನಿವಾರ ಅದೇ ಕೂಸು ಅತ್ತರೆ "ಹುಲಗವ್ವನ ಕರೀಲೇನ" ಎಂದು ಹೆದರಿಸುವರು. ದತ್ತು ಅವಳಿಗೆ ಪುಕ್ಕಟೆ ಚಹಾ ಕೊಡುವನು, ಕೊಟ್ಟದ್ದಕ್ಕೆ ಒಂದು ಮಾತಾಡದೆ ಬಿಡುತ್ತಿರಲಿಲ್ಲ.

"ಏನ್ ಹುಲಗವ್ವ, ಇವತ್ತ ಮೀಸಿ ಬೋಳಿಸ್ಕೊಂಡಿಲ್ಲೇನು?"

"ಬೋಳಿಸ್ಕೊಂಡೇನಿ ದತ್ತು. ನಿನ್ನ ಚಹಾದಾಗ ಹಾಲು ಎಷ್ಟು ಐತಿ, ಅಷ್ಟ ಮೀಸಿ ಉಳದೈತಿ."

ಗಿರಾಕಿಗಳು ಈಗ ದತ್ತುವನ್ನು ನೋಡಿ ನಗುವರು. ಶರೀಫಸಾಬ ಮಷಿನಿನ ಹಿಂದೆ ಕುಳಿತು ಎಲ್ಲ ಕೇಳಿಸಿಕೊಳ್ಳುವನು. ಅವಳೊಂದಿಗೆ ಮಾತಾಡುವುದು ಬಂದಾಗ ಮಾತ್ರ ಅವನ ನಾಲಗೆ ಕಟ್ಟಿದಂತಾಗುತ್ತಿತ್ತು. ಹಳೆಯ ಹಾಗೆ "ಲೇ ಹುಲಗ್ಯಾ" ಅನ್ನಲಾರ. ಹುಲಗವ್ವ ಎನ್ನಲು ಬಾಯಿ ಬಾರದು. ಅಂದರೆ ಎದುರಿಗಿದ್ದವರು ಏನೆಂದುಕೊಂಡಾರು, ಅನ್ನದಿದ್ದರೆ ಅವಳೇನೆಂದುಕೊಂಡಾಳು ಎಂದು ಎರಡೂ ಕಡೆಯ ಅಂಜಿಕೆ. ಹೀಗೆ ಆರು ವರ್ಷ ಅವಳನ್ನು ಹೆಸರು ಹಿಡಿದು ಕರೆಯದೆಯೇ ಕಳೆದುಬಿಟ್ಟಿದ್ದ.

ಒಂದು ಬುಧವಾರ ಮಧ್ಯಾಹ್ನ ಅವಳು ಜಗವಿಲ್ಲದೆ ಬಂದಳು. ಕಂಕುಳಲ್ಲಿ ಒಂದು ಗಂಟು. ಅಂಗಡಿಯ ಮೆಟ್ಟಿಲ ಮೇಲೆ ಕುಳಿತು ಬಿಚ್ಚಿದಳು. ಒಳಗೆ ದಾಳಿಂಬೆ ಬಣ್ಣದ ಹೊಸ ಖಣ, ಕಡ್ಡಿಯಂಚಿನದು.

"ಶರೀಫಾ, ಇದರಾಗ ಒಂದು ಕುಪ್ಪಸ ಆಗಬೇಕು ನೋಡು."

"ಯಾರಿಗೆ?"

"ಯಾರಿಗಂತ ಕೇಳ್ತಿ? ನನಗ." ಅವಳು ತನ್ನ ಮೈಮೇಲಿದ್ದ ಕುಪ್ಪಸದ ತೋಳು ಜಗ್ಗಿ ತೋರಿಸಿದಳು. "ಇದು ಕುಂಬಾರ ಓಣಿ ಗೌಡ್ತಿ ಹರಕಿ ಒಪ್ಪಿಸಿದ್ದು. ತೋಳಾಗ ಇನ್ನೊಂದು ತೋಳು ಹೋಗತೈತಿ. ಶುಕ್ರವಾರ ಹಾಕ್ಕೋಳದು ಉಸುರ ಬಿಡಾಕ ಬಿಡಾಂಗಿಲ್ಲ. ಆರು ವರ್ಷಾತು, ಬರೇ ಮಂದಿ ಮೈ ಹಾಕ್ಕೊಂಡು ಅಡ್ಡಾಡಾಕತ್ತೇನಿ."

ಆಮೇಲೆ ವಿಷಯ ಹೇಳಿದಳು. ತಂಗಿ ಸತ್ಯವ್ವನಿಗೆ ಏಳನೇ ತಿಂಗಳು. ಬರುವ ವಾರ ರಾಯಾಪುರದ ತವರುಮನೆಯಲ್ಲಿ ಕುಬಸದ ಕಾರ್ಯ. ಬಸುರಿಗೆ ಹಸಿರು ಸೀರೆ ಉಡಿಸಿ, ಹೊಸ ಕುಪ್ಪಸ ತೊಡಿಸಿ, ಉಡಿ ತುಂಬುವುದು. ಸತ್ಯವ್ವ ಹುಬ್ಬಳ್ಳಿಯ ಸಂತೆಯಲ್ಲಿ ಸಿಕ್ಕು ಕೈ ಹಿಡಿದು ಕರೆದಿದ್ದಳು.

"ಅಕ್ಕಾ ಬಾ ಅಂದ್ಲು. ಬಾಯಿ ತಪ್ಪಿ ನಡುವ ಒಮ್ಮೆ ಅಣ್ಣಾನೂ ಅಂದ್ಲು, ಪಾಪ." ಹುಲಗವ್ವ ನಕ್ಕಳು. "ನಮ್ಮವ್ವ ಏನಂದಾಳ ಗೊತ್ತೇನು? ಬೀಗರು ಬರ್ತಾರ, ಧೋತರ ಉಟ್ಟು ಮಗನಾಗಿ ಬಂದ್ರ ಒಳಗ ಬರ್ಲಿ. ಇಲ್ಲಂದ್ರ ಜೋಗವ್ವನಾಗಿ ಬಂದು ಹೊರಗ ಜೋಗ ತಗೊಂಡು ಹೋಗ್ಲಿ. ಎರಡರಾಗ ಒಂದು."

"ಮತ್ತ?"

"ಎರಡೂ ಬ್ಯಾಡ ನನಗ. ಧೋತರಾನೂ ಉಡಾಂಗಿಲ್ಲ, ಜಗಾನೂ ಹೊರಾಂಗಿಲ್ಲ. ಮಗಳು ತವರಮನಿಗೆ ಹ್ಯಾಂಗ ಹೋಗ್ತಾಳ, ಹಂಗ ಹೋಗಾಕಿ. ಮಗಳು ಮಂದಿ ಕುಪ್ಪಸ ಹಾಕ್ಕೊಂಡು ಹೋಗ್ತಾಳೇನು, ಹೇಳು."

ಶರೀಫಸಾಬನಿಗೆ ಮಾತು ಎದೆಗೆ ತಾಕಿತು. ಕೆಲಸ ನಿಖರವಾಗಿ ಆಗಬೇಕು, ಇದರಲ್ಲಿ ಎಳ್ಳಷ್ಟೂ ತಪ್ಪಬಾರದು ಎಂದುಕೊಂಡ. ಎದ್ದ, ಕೊರಳಲ್ಲಿದ್ದ ಟೇಪು ತೆಗೆದ. ಅವಳು ಏನೋ ಹೇಳಹೋದಳು. ಅವನು ಎದೆಗೆ ಟೇಪು ಸುತ್ತಿ, ತೋಳಿಗೆ ಸುತ್ತಿ, ಬೆನ್ನಿಗೆ ಹಿಡಿದು, ಅನುಮಾನ ಬಂದು ಎರಡನೆಯ ಸಲವೂ ಹಿಡಿದು ನೋಡಿ, ಪುಸ್ತಕ ತೆರೆದು ದತ್ತುವಿನ ಅಂಗಿಯ ಅಳತೆಯ ಕೆಳಗೆ ಬರೆದುಕೊಂಡ. ಎದುರಿನ ಅಂಗಡಿಯಿಂದ ದತ್ತು, ಅವನ ಗಿರಾಕಿಗಳು ಕತ್ತು ಉದ್ದ ಮಾಡಿ ನೋಡುತ್ತಿದ್ದರು.

ಹುಲಗವ್ವ ಬಗ್ಗಿ ಆ ಹಾಳೆಯನ್ನು ಓದಿದಳು. ಅವಳಿಗೆ ಓದಲು ಬರುತ್ತದೆಂಬುದು ಅವನಿಗೆ ಮರೆತೇಹೋಗಿತ್ತು. ‘ಹುಲಗಪ್ಪ, ರಾಯಾಪುರ. ಎದಿ ಮೂವತ್ನಾಲ್ಕು.’

"ಅಕ್ಷರ ಛಲೋ ಆಗ್ಯಾವ ನಿನ್ನವು," ಎಂದಳು. "ಒರಸೇ ಇಲ್ಲ ಒಂದೂ."

ಖಣವನ್ನು ಮಡಚಿ ಮತ್ತೆ ಗಂಟು ಕಟ್ಟಿಕೊಂಡಳು. "ಇರ್ಲಿ ಬಿಡು ಶರೀಫಾ. ಗೌಡ್ತೀದ ಹಿಡಿಸಿಕೊಂಡು ಹೋಗ್ತೇನಿ," ಎಂದು ಇಳಿದು ಹೋದಳು.

ಅವನು ಪುಸ್ತಕ ಹಿಡಿದುಕೊಂಡೇ ನಿಂತ. ಪರದೆ ಸರಿಸಿ ಮಾಶಾಬಿ ಬಂದಳು.

"ಹುಲಗವ್ವನ ದನಿ ಕೇಳಿಸ್ತು. ಯಾಕ ಹೋದ್ಲು?"

"ಕುಪ್ಪಸ ಹೊಲಸಾಕ ಬಂದಿದ್ಲು ಅಮ್ಮಾ. ಅಳತಿ ಬರಕೊಂಡೆ. ಹೋಗಿಬಿಟ್ಲು."

"ಏನ್ ಬರದಿ? ಓದು."

ಓದಿದ. ಪಾಟಿಯ ಮೇಲೆ ತಪ್ಪು ಬರೆದು ಮಾಸ್ತರರ ಮುಂದೆ ಓದುವಾಗ ಹೇಗೆ ದನಿ ಇಳಿಯುತ್ತಿತ್ತೋ ಹಾಗೆ ಇಳಿಯಿತು. ಮಾಶಾಬಿ ಕೇಳಿ ಮುಗಿಸಿದಳು.

"ಕುಪ್ಪಸ ಹೊಲಸಾಕ ಬಂದಾಕಿಗೆ, ನಾಕು ಮಂದಿ ಗಂಡಸರು ನೋಡೋ ಹಂಗ ಬೀದಿಬಾಗಿಲಾಗ ನಿಂದರಿಸಿ ಟೇಪ ಹಿಡದಿ. ಹಿಡದು ಬುಕ್ಕಿನಾಗೂ ಬರದಿ. ಪಟ್ಟಣಶೆಟ್ಟರ ಅಕ್ಕಾಗ ಹಿಂಗ ಮಾಡ್ತಿದ್ದೇನು ಬೇಟಾ?"

ಆ ಹೆಸರನ್ನು ಶಾಯಿಯಿಂದ ಹೊಡೆದುಹಾಕಿದ. ಇನ್ನೂ ಕಾಣುತ್ತದೆಂದು ಮತ್ತೊಮ್ಮೆ ಹೊಡೆದ. ಶಾಯಿ ಹಾಳೆಯ ಆಚೆ ಮೂಡಿತು.

ಬಿಸಿಲು ಇಳಿಯುವ ಮೊದಲೇ ಅವಳ ಮನೆಗೆ ಹೋದ. ದೇವಿಯ ಕಟ್ಟೆಯ ಹಿಂದೆ ಒಂದೇ ಕೋಣೆಯ ಮನೆ. ಹುಲಗವ್ವ ಬಾಗಿಲಲ್ಲಿ ಕುಳಿತು ಗೌಡತಿಯ ಕುಪ್ಪಸದ ತೋಳಿಗೆ ಸೂಜಿ ಹಾಕುತ್ತಿದ್ದಳು. ಅಕ್ಷರದಷ್ಟು ಚಂದ ಹೊಲಿಗೆ ಬರುತ್ತಿರಲಿಲ್ಲ ಅವಳಿಗೆ.

"ಹುಲಗವ್ವಾ," ಎಂದ.

ಅವಳು ತಲೆ ಎತ್ತಿದಳು. ಸೂಜಿ ನಿಂತಿತು.

"ನಮ್ಮಮ್ಮ ಕರದಾಳ. ಅಳತಿ ಹಿಡೀತಾಳಂತ. ಹಿತ್ತಲ ಬಾಗಲದಿಂದ ಬರಾಕ ಹೇಳ್ಯಾಳ."

ಬೇರೆ ಮನೆಯಲ್ಲಾದರೆ ಹಿತ್ತಲಿಂದ ಬಾ ಎಂದರೆ ಅವಮಾನ, ಇಲ್ಲಿ ಅದು ಹೆಂಗಸರ ಬಾಗಿಲು. ಹುಲಗವ್ವ ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡು ನಿಧಾನವಾಗಿ ಎದ್ದಳು. "ಹಿತ್ತಲದಿಂದನ ಅಂದಾಳೇನು?" ಎಂದು ಇನ್ನೊಮ್ಮೆ ಕೇಳಿದಳು.

ಶರೀಫಸಾಬ ಪರದೆಯ ಈಚೆ ಮಷಿನಿಗೆ ಎಣ್ಣೆ ಬಿಡುತ್ತ ಕುಳಿತಿದ್ದ. ಒಳಗಿನ ಮಾತು ಕೇಳಬಾರದೆಂದರೂ ಕೇಳಿಸಿತು.

"ಕೈ ಎತ್ತವ್ವಾ. ಹಾಂ. ಅಳತಿ ಇದ್ದಷ್ಟು ಹಿಡೀಲ್ಯೋ, ಬೇಕಾದಷ್ಟು ಹಿಡೀಲ್ಯೋ? ಕೆಲವ್ರು ಒಳಗ ಅರಿವಿ ತುಂಬತಾರಂತ, ಅದಕ್ಕ ಕೇಳಿದೆ."

"ಇದ್ದಷ್ಟ ಹಿಡೀರಿ ಅಮ್ಮಾ. ನಮ್ಮವ್ವನ ಮುಂದ ಹೋಗಾಕಿ, ಸುಳ್ಳು ಯಾಕ."

"ಛಲೋ ಮಾತು. ನನ್ನ ಸೊಸಿಗಿಂತ ನಿನ್ನ ಬೆನ್ನು ನೆಟ್ಟಗೈತಿ."

"ಜಗ ಹೊತ್ತು ಹೊತ್ತು ಆಗೇತ್ರಿ."

ಬಿಳಿ ದಾರ. ಹುಲಗವ್ವನ ಕೈಯ ಭಂಡಾರ ಹತ್ತಿ ಅಲ್ಲಲ್ಲಿ ಹಳದಿಯಾಗಿತ್ತು. ಮಾಶಾಬಿ ಅದನ್ನು ತಡಕಾಡಿ ಖಾಲಿ ಮೊಳೆ ಹುಡುಕಿ ತೂಗುಹಾಕಿದಳು, ಕೆಂಪು ಎರಡೆಳೆಯ ಮಗ್ಗುಲಲ್ಲಿ.

ಅಲ್ಲಿಂದಲೇ ತಾಪತ್ರಯ ಶುರುವಾಯಿತು. ಮೂರನೆಯ ದಿನ ಪಟ್ಟಣಶೆಟ್ಟರ ಮನೆಯ ದೊಡ್ಡ ಅಕ್ಕ ಮಗಳ ಮದುವೆಯ ಖಣಗಳನ್ನು ಹೊತ್ತು ತಂದಳು. ಹನ್ನೆರಡು ಕುಪ್ಪಸದ ಕೆಲಸ. ಗೋಡೆ ನೋಡಿದಳು, ಓಣಿಯಲ್ಲಿ ಎದ್ದ ಮಾತು ಅವಳ ಕಿವಿಗೂ ಬಿದ್ದಿತ್ತು.

"ಈ ಬಿಳೇದು ಯಾರದ್ರಿ ಮಾಶಾಬಿ?"

"ಹುಲಗವ್ವಂದು."

"ಅಂದ್ರ ಖರೇನ ಅದು. ನನ್ನ ದಾರದ ಮಗ್ಗಲಕ ಅವನ ದಾರ ಹಾಕೀರಿ?"

"ಹೋದ ಶುಕ್ರವಾರ ನಿಮ್ಮ ಮಗಳ ತಲಿ ಮ್ಯಾಲ ಆಕಿ ಕೈ ಇಡಸಿದ್ರೆಲ್ಲ ಅಕ್ಕಾರ."

"ಅದು ದೇವೀ ಮಾತು. ಇದು ಮೈ ಮಾತು." ಅಕ್ಕನಿಗೆ ಕೋಪಕ್ಕಿಂತ ಮುಜುಗರವೇ ಹೆಚ್ಚಾಗಿತ್ತು. "ನನ್ನ ದಾರ ಕೊಡ್ರಿ. ಮನಿಯಾಗ ಏನಂದಾರು."

ಮಾಶಾಬಿ ಕೆಂಪು ದಾರ ಬಿಚ್ಚಿ ಕೊಟ್ಟಳು. ಆ ವಾರ ಇನ್ನೂ ಮೂವರು ತಮ್ಮ ದಾರ ಕೇಳಿ ಒಯ್ದರು. ದತ್ತು ಚಹಾ ತಂದಿಟ್ಟು, "ಶರೀಫಣ್ಣ, ಗೋಡಿ ಬೋಳಾಗಾಕತ್ತೈತೆಲ್ಲೋ. ಆ ಒಂದು ದಾರ ಡಬ್ಬಿಯಾಗ ಇಟ್ರ ಆಕಿಗೆ ಏನ್ ತಿಳೀತೈತಿ?" ಎಂದ. ಅವನು ಕೆಟ್ಟದ್ದಕ್ಕೆ ಹೇಳಿದ್ದಲ್ಲ.

ಶರೀಫಸಾಬನಿಗೆ ಊಟ ಸೇರಲಿಲ್ಲ. ಅವಳಿಗೆ ತಿಳಿಯುವುದಿಲ್ಲವೆಂಬುದು ನಿಜವೇ. ಕುಪ್ಪಸ ಹೊಲಿದು ಕೊಟ್ಟರಾಯಿತಲ್ಲವೇ? ದಾರ ಎಲ್ಲಿದ್ದರೇನು? ಹೀಗೆಂದು ತನಗೆ ತಾನೇ ನಾಲ್ಕಾರು ಸಲ ಹೇಳಿಕೊಂಡು, ಒಂದು ಮಧ್ಯಾಹ್ನ ತಾಯಿ ನಮಾಜಿಗೆ ಕುಳಿತಿದ್ದಾಗ ಬಿಳಿ ದಾರವನ್ನು ಮೊಳೆಯಿಂದ ತೆಗೆದು ಗುಂಡಿಗಳ ಡಬ್ಬಿಗೆ ಹಾಕಿದ. ಸ್ವಲ್ಪ ಹೊತ್ತಿಗೆ ಮಾಶಾಬಿ ಗೋಡೆಯ ಹತ್ತಿರ ಬಂದಳು. ಕಣ್ಣು ಮಂದ, ಬೆರಳಿಂದಲೇ ದಾರಗಳನ್ನು ಒಂದೊಂದಾಗಿ ಸವರುತ್ತ ಹೋದಳು. ಖಾಲಿ ಮೊಳೆ ಸಿಕ್ಕಿತು. ಅದನ್ನೇ ಹಿಡಿದು ನಿಂತಳು. ಅವನ ಕಡೆ ತಿರುಗಲಿಲ್ಲ. ಶರೀಫಸಾಬ ಎದ್ದು ಡಬ್ಬಿ ತೆರೆದು ದಾರ ತಂದು ಅವಳ ಕೈಗಿಟ್ಟ.

"ನಾಕು ದಾರ ಹೋದ್ವು," ಎಂದ, ತಪ್ಪೊಪ್ಪಿಕೊಳ್ಳುವವನ ಹಾಗೆ.

"ಹೋಗ್ಲಿ. ಮೈ ಇದ್ದವ್ರು ಮತ್ತ ಬರ್ತಾರ," ಎಂದಳು ಮಾಶಾಬಿ.

ಮೂವರು ಬಂದರು, ವರ್ಷದೊಳಗೆ. ಪಟ್ಟಣಶೆಟ್ಟರ ಅಕ್ಕ ಬರಲಿಲ್ಲ. ಅದಿರಲಿ.

ಆ ಕುಪ್ಪಸವನ್ನು ಕತ್ತರಿಸುವಾಗ ಶರೀಫಸಾಬ ಪಟ್ಟ ಪಾಡು ಮದುಮಗನ ಅಂಗಿಗೂ ಪಟ್ಟಿರಲಿಲ್ಲ. ಅಂಚು ಎರಡು ತೋಳಿಗೂ ಒಂದೇ ಮಟ್ಟಕ್ಕೆ ಬರಬೇಕು, ಮುಂದಿನ ಗಂಟು ಸಡಿಲಾಗಬಾರದು, ಭುಜ ಅಗಲವೆಂದು ಎದ್ದು ಕಾಣಬಾರದು. ದಾರವನ್ನು ಖಣದ ಮೇಲೆ ಹಾಸಿ ತೆಗೆದು ಮತ್ತೆ ಹಾಸಿದ. ಹೊಲಿದು ಮುಗಿಸಿ ಒಂದು ತೋಳು ಬಿಚ್ಚಿ ಮರಳಿ ಹೊಲಿದ. ಸತ್ಯವ್ವನ ಹಸಿರು ಕುಪ್ಪಸವೂ ಅವನಲ್ಲೇ ಬಂದಿತ್ತು. ಅದನ್ನು ಒಂದು ತಾಸಿನಲ್ಲಿ ಮುಗಿಸಿದ.

ಕುಬಸದ ದಿನ ಮುಂಜಾನೆ ಯಾಕೂಬಸಾಬನ ಟಾಂಗಾ ಹೇಳಿದರು. ಸತ್ಯವ್ವನ ಅತ್ತೆ ಮಾಶಾಬಿಯ ಹಳೆಯ ಗಿರಾಕಿ, ಬರಲೇಬೇಕೆಂದು ಕರೆದಿದ್ದಳು. ಕಣ್ಣು ಕಾಣದ ತಾಯಿಯ ಕೈ ಹಿಡಿಯಲು ಶರೀಫಸಾಬ. ಹುಲಗವ್ವ ದೇವಿಯ ಕಟ್ಟೆಯ ಹತ್ತಿರ ಕಾದು ನಿಂತಿದ್ದಳು. ಹಳೆಯದೇ ಇಳಕಲ್ ಸೀರೆ, ಎಣ್ಣೆ ಹಾಕಿ ಬಾಚಿದ ತುರುಬು, ದಾಳಿಂಬೆ ಬಣ್ಣದ ಕುಪ್ಪಸ. ತಲೆಯ ಮೇಲೆ ಜಗವಿಲ್ಲದ್ದಕ್ಕೆ ಕುತ್ತಿಗೆಯನ್ನು ಹೇಗೆ ಇಟ್ಟುಕೊಳ್ಳಬೇಕೆಂದು ತಿಳಿಯದವಳಂತೆ ಆಚೆ ಈಚೆ ನೋಡುತ್ತಿದ್ದಳು.

ಟಾಂಗಾದಲ್ಲಿ ಗಂಡಸರು ಮುಂದೆ, ಹೆಂಗಸರು ಹಿಂದೆ. ಯಾಕೂಬಸಾಬ ಏನೆನ್ನುತ್ತಾನೋ ಎಂದು ಶರೀಫಸಾಬ ಅವನ ಮುಖ ನೋಡಿದ. ಯಾಕೂಬಸಾಬ ಬೀಡಿ ಎಸೆದು, "ಹಿಂದ ಕುಂದರ್ರಿ ಅವ್ವಾರ. ಗಾಲಿ ಮಗ್ಗಲಕ ಸೆರಗು ಹುಷಾರು," ಎಂದು ಲಗಾಮು ಎಳೆದ. ಅಷ್ಟೇ. ಉಣಕಲ್ಲಿನ ಕೆರೆ ದಾಟುವವರೆಗೂ ಹಿಂದಿನಿಂದ ಇಬ್ಬರು ಹೆಂಗಸರ ಮಾತು ಬರುತ್ತಿತ್ತು. ಮುಂಗಾರಿಜೋಳದ ಮಾತು, ಮಾಶಾಬಿಯ ಮೊಣಕಾಲಿನ ಮಾತು. ರಾಯಾಪುರದ ಮರಗಳು ಕಂಡ ಮೇಲೆ ಹುಲಗವ್ವ ಸುಮ್ಮನಾದಳು.

ಮನೆಯ ಮುಂದೆ ಹಂದರ ಹಾಕಿದ್ದರು. ತಂದೆ ಮೈಲಾರಪ್ಪ ಬೆಳಗ್ಗೆಯೇ ಹೊಲಕ್ಕೆ ಹೋಗಿದ್ದನಂತೆ. ಒಳಗೆ ಸತ್ಯವ್ವನನ್ನು ಮಣೆಯ ಮೇಲೆ ಕೂರಿಸಿ ಹೆಂಗಸರು ಹಾಡುತ್ತಿದ್ದರು. ಮಾಶಾಬಿಯನ್ನು ಕೈಹಿಡಿದು ಕರೆದು ಹೊರಗಿನ ಕಟ್ಟೆಯ ಮೇಲೆ ಕಂಬಳಿ ಹಾಸಿ ಕೂರಿಸಿದರು. ಶರೀಫಸಾಬ ರಸ್ತೆಯಾಚೆ ಬೇವಿನ ಗಿಡದ ಕೆಳಗೆ ಟಾಂಗಾದ ಹತ್ತಿರ ನಿಂತ. ಹುಲಗವ್ವ ಹೊಸ್ತಿಲಿನ ಮುಂದೆ ಹೋಗಿ ನಿಂತಳು. ಹಾಡು ತಗ್ಗಿತು. ಬೀಗರ ಕಡೆಯ ಒಬ್ಬಳು ಬಾಯಿಗೆ ಸೆರಗು ಹಚ್ಚಿದಳು.

ತಾಯಿ ಹೊಳೆವ್ವ ಹೊರಗೆ ಬಂದಳು. ತೆಳ್ಳನೆಯ ಗಟ್ಟಿ ಹೆಂಗಸು. ಮಗಳನ್ನೋ ಮಗನನ್ನೋ ಏಳು ವರ್ಷದ ಮೇಲೆ ನೋಡುತ್ತಿದ್ದಳು. ತಲೆಯಿಂದ ಕಾಲಿನವರೆಗೆ ನೋಡಿದಳು, ಕುಪ್ಪಸದ ಮೇಲೆ ಕಣ್ಣು ಒಂದು ಗಳಿಗೆ ನಿಂತಿತು. ಒಳಗೆ ಹೋದಳು. ಹೊರಬಂದಾಗ ಕೈಯಲ್ಲಿ ಮೊರ, ಮೊರದ ತುಂಬ ಜೋಳ.

ಅಂದರೆ ತೀರಿತು. ಜೋಗವ್ವನಿಗೆ ಜೋಗ ನೀಡಿ ಕಳಿಸುವುದು. ನಾನು ಹೊಲಿದುಕೊಟ್ಟದ್ದೇ ತಪ್ಪಾಯಿತೇನೋ, ಇಲ್ಲದಿದ್ದರೆ ಇವಳು ಇಲ್ಲಿಗೆ ಬರುತ್ತಲೇ ಇರಲಿಲ್ಲವೇನೋ ಎಂದುಕೊಂಡ ಶರೀಫಸಾಬ.

"ಜಗ ಎಲ್ಲೈತಿ?" ಎಂದಳು ಹೊಳೆವ್ವ.

"ತಂದಿಲ್ಲವ್ವಾ."

"ಮತ್ತ ಇದನ್ನ ಎಲ್ಲಿ ಹಾಕ್ಲಿ?"

ಹೊಳೆವ್ವ ಮೊರ ಹಿಡಿದುಕೊಂಡೇ ನಿಂತಳು. ಜೋಗಕ್ಕೆಂದು ಹೊಸ್ತಿಲು ದಾಟಿಸಿದ ಕಾಳನ್ನು ಮರಳಿ ಒಳಗೆ ಒಯ್ಯಬಾರದು, ಮನೆಗೆ ಒಳ್ಳೆಯದಲ್ಲ. ಅದರಲ್ಲೂ ಬಸುರಿ ಮಣೆಯ ಮೇಲೆ ಕುಳಿತಾಗ. ನೆಲಕ್ಕೆ ಸುರಿಯುವಂತೆಯೂ ಇಲ್ಲ. ಬಿಸಿಲು ಏರಿತ್ತು, ಮೊರ ಭಾರವಿತ್ತು. ಹುಲಗವ್ವ ನಿಧಾನವಾಗಿ ಸೆರಗನ್ನು ಮುಂದಕ್ಕೆ ತಂದು, ಎರಡೂ ಕೈಯಲ್ಲಿ ಅಗಲಿಸಿ ಉಡಿಯೊಡ್ಡಿದಳು.

ಹೊಳೆವ್ವ ಮೊರವನ್ನು ವಾರೆ ಮಾಡಿದಳು. ಜೋಗ ನೀಡುವುದೇ ಹಾಗೆ, ಒಂದೇ ಸಲಕ್ಕೆ ಸುರಿದುಬಿಡುವುದು, ಎಣಿಕೆಯಿಲ್ಲ. ನಾಲ್ಕು ಕಾಳು ಉದುರಿದವು. ಅಲ್ಲಿಗೇ ನಿಂತಳು. ಒಡ್ಡಿದ ಉಡಿಯನ್ನು ನೋಡಿದಳು. ಮೊರವನ್ನು ಸೊಂಟಕ್ಕೆ ಏರಿಸಿಕೊಂಡು, ಬಲಗೈ ತುಂಬ ಜೋಳ ತೆಗೆದು ಉಡಿಗೆ ಹಾಕಿದಳು. ಮತ್ತೊಂದು ಹಿಡಿ. ತವರಿಗೆ ಬಂದ ಮಗಳಿಗೆ ತಾಯಿ ಉಡಿ ತುಂಬುವುದು ಹೀಗೆ, ಒಂದೊಂದೇ ಹಿಡಿ, ಐದು ಸಲ. ಒಳಗಿನ ಹೆಂಗಸರು ಬಾಗಿಲಿಗೆ ಬಂದು ನಿಂತಿದ್ದರು. ಮೂರನೆಯ ಹಿಡಿ ತೆಗೆಯುವಷ್ಟರಲ್ಲಿ ಧಾರವಾಡದ ಕಡೆಯಿಂದ ಹತ್ತಿಯ ಅಂಡಿಗೆ ಹೇರಿದ ಬಂಡಿ ಬಂದು ಶರೀಫಸಾಬನ ಕಣ್ಣಿಗೆ ಅಡ್ಡವಾಯಿತು. ಎತ್ತುಗಳು ನಿಧಾನ. ಅವನು ಆ ಕಡೆ ಈ ಕಡೆ ಬಗ್ಗಿ ನೋಡಿದ, ಕಾಣಲಿಲ್ಲ. ಬಂಡಿ ದಾಟಿದಾಗ ಹೊಳೆವ್ವ ಕೈ ಝಾಡಿಸಿಕೊಳ್ಳುತ್ತಿದ್ದಳು.

ಹುಲಗವ್ವ ತನ್ನ ಉಡಿಯಿಂದ ಒಂದು ಚಿಟಿಕೆ ಜೋಳ ತೆಗೆದು ಮೊರಕ್ಕೆ ಹಾಕಿದಳು. ಉಡಿ ತುಂಬಿಸಿಕೊಂಡ ಮಗಳು ಹಾಗೆ ಹಾಕುತ್ತಾಳೆ, ತವರಮನೆ ತುಂಬಿರಲಿ ಎಂದು. ಜೋಗವ್ವ ಹಾಕುವುದಿಲ್ಲ. ಹೊಳೆವ್ವ ಆ ಚಿಟಿಕೆ ಕಾಳನ್ನು ನೋಡಿದಳು, ತೆಗೆಯಲಿಲ್ಲ.

"ಒಳಗ ಬೀಗರು ತುಂಬ್ಯಾರ. ಜಾಗಾ ಇಲ್ಲ," ಎಂದಳು, ಬೇರೆ ಕಡೆ ನೋಡುತ್ತ. "ಕಟ್ಟಿ ಮ್ಯಾಲ ಎಲಿ ಹಾಕ್ತೇನಿ, ಮಾಶಾಬೀ ಜೋಡಿ. ಉಂಡು ಹೋಗು." ಆಮೇಲೆ ಉಳಿದ ಕಾಳಿದ್ದ ಮೊರ ಹಿಡಿದು ಒಳಗೆ ಹೋದಳು, ಅದು ಜೋಗದ್ದೇ ಅಲ್ಲವೆಂಬಂತೆ.

ಕಟ್ಟೆಯ ಮೇಲೆ ಮೂರು ಎಲೆ ಬಿದ್ದವು. ಹುಲಗವ್ವ ಎಡಗೈಯಲ್ಲಿ ಉಡಿ ಬಿಗಿಯಾಗಿ ಹಿಡಿದುಕೊಂಡೇ ಕುಳಿತಳು. ಹೋಳಿಗೆ ಒಂದೇ ಕೈಯಲ್ಲಿ ಮುರಿಯಲಾಗದೆ ಪೇಚಾಡಿದಾಗ ಮಾಶಾಬಿ ತಡಕಾಡಿ ಮುರಿದುಕೊಟ್ಟಳು. ತುಪ್ಪ ಬಡಿಸಲು ಹೊಳೆವ್ವನೇ ಬಂದಳು. ಹುಲಗವ್ವ ಸಾಕೆಂದು ಎಲೆಗೆ ಕೈ ಅಡ್ಡ ಹಿಡಿದರೂ ಕೇಳದೆ ಬೆರಳುಗಳ ಮೇಲೆಯೇ ಇನ್ನೊಂದು ಮಿಳ್ಳೆ ಬಿಟ್ಟು ಹೋದಳು.

ಉಂಡು ಹಿಂದಿರುಗಿದರು. ಕಾಳು ಚೆಲ್ಲೀತೆಂದು ಯಾಕೂಬಸಾಬ ಹೇಳದೆಯೇ ಕುದುರೆಯನ್ನು ನಡಿಗೆಗೆ ಇಳಿಸಿದ. ಉಣಕಲ್ಲು ದಾಟಿದ ಮೇಲೆ ಹಿಂದಿನಿಂದ ಹುಲಗವ್ವನ ದನಿ ಬಂತು.

"ಶರೀಫಾ, ಕಂಕುಳಾಗ ಒಂಚೂರು ಬಿಗಿ ಆಗೇತಿ ನೋಡು."

"ನಾಳೆ ತಗೊಂಡ ಬಾ, ಸಡಲ ಮಾಡಿಕೊಡ್ತೇನಿ," ಎಂದ ಅವನು, ನಾಚಿಕೆಯಿಂದ. ಮೂರು ಸಲ ಅಳೆದದ್ದಾಗಿತ್ತು.

ಆ ದಿನ ಸಂಜೆ ತಾಯಿಯನ್ನು ಕೇಳಿದ. "ಅಮ್ಮಾ, ಎಷ್ಟು ಹಿಡಿ ಹಾಕಿದ್ಲು? ನೀ ಹತ್ರಾನ ಇದ್ದಿ."

"ನನಗೆಲ್ಲಿ ಕಾಣತೈತಿ ಬೇಟಾ. ಬಳಿ ಸಪ್ಪಳ ಕೇಳಾಕತ್ತಿತ್ತು. ಬಂಡಿ ಬಂದು ಅದನ್ನೂ ನುಂಗ್ತು."

ಮಾಶಾಬಿ ಹೋಗಿ ಈಗ ಒಂಬತ್ತು ವರ್ಷ. ಹುಲಗವ್ವ ಈಗಲೂ ಬರುತ್ತಾಳೆ, ತಲೆಯ ಮುಂದಿನ ಕೂದಲು ನರೆತಿದೆ. ದತ್ತುವಿನ ಅಂಗಡಿಯಲ್ಲಿ ಚಹಾ ಕುಡಿದು, ಶರೀಫಸಾಬನ ಮೆಟ್ಟಿಲ ಮೇಲೆ ಕುಳಿತು ಅಡಕೆ ಕತ್ತರಿಸುತ್ತ ರಾಯಾಪುರದ ಸುದ್ದಿ ಹೇಳುತ್ತಾಳೆ. ಸತ್ಯವ್ವನ ಮಗ ಓದಿನಲ್ಲಿ ಮುಂದಂತೆ. ಅವತ್ತು ಬಂಡಿಯ ಹಿಂದೆ ನಡೆದದ್ದು ಎರಡೇ ಹಿಡಿಯೋ, ಮೂರೋ ಎಂದು ಅವಳನ್ನೇ ಕೇಳಿಬಿಡಬಹುದು. ಎಷ್ಟೋ ಸಲ ಮಾತು ಬಾಯಿಯವರೆಗೆ ಬಂದದ್ದುಂಟು. ಐದಲ್ಲ, ಒಟ್ಟು ನಾಲ್ಕೇ ಎಂದುಬಿಟ್ಟರೆ ಎಂದು ಅಂಜಿ ಶರೀಫಸಾಬ ಸೂಜಿಗೆ ದಾರ ಪೋಣಿಸುತ್ತ ಕುಳಿತುಬಿಡುತ್ತಾನೆ.